ಪ್ರೊಫೆಸರ್ ಔರೆಲ್ ಸ್ಟೊಡೋಲ
ಔರೆಲ್ ಸ್ಟೊಡೋಲರು 1859ರಲ್ಲಿ ಇಂದಿನ ಸ್ಲೊವಾಕಿಯದಲ್ಲಿ ಜನಿಸಿ, 1892ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಪ್ರಾಧ್ಯಾಪಕರಾದರು. ಟರ್ಬೈನುಗಳನ್ನು ಕುರಿತ ಅವರ ಗ್ರಂಥ ಪ್ರಸಿದ್ಧವಾಯಿತು.

ಊರಿಗೆ ವಿದ್ಯುತ್ ಒದಗಿಸಲು ಕಟ್ಟಿದ ಮೊದಲ ಗ್ಯಾಸ್ ಟರ್ಬೈನನ್ನು 1939ರಲ್ಲಿ ಪರೀಕ್ಷಿಸಿದವರು 80 ವರ್ಷದ ಈ ವೃದ್ಧರೇ. ಅದರ ಸುಮಾರು 15,400 ಕಿಲೊವಾಟ್ ಶಕ್ತಿಯಲ್ಲಿ 11,400ನ್ನು ಗಾಳಿ ಒತ್ತುವ ಕಂಪ್ರೆಸರೇ ನುಂಗಿತು. ಜನರೇಟರಿಗೆ ದಕ್ಕಿದ್ದು 4,000. ಹಿಂದೆ ಹಲವರ ಯಂತ್ರಗಳು ಸೋತದ್ದು ಈ ಹಸಿವಿನಿಂದಲೇ.

ನಮ್ಮ ಶಿವನಸಮುದ್ರದ ಚಕ್ರ ನೀರು ಬಿಟ್ಟೊಡನೆ ತಾನೇ ತಿರುಗುತ್ತದೆ. ಗ್ಯಾಸ್ ಟರ್ಬೈನು ಹಾಗಲ್ಲ! ಒತ್ತಿದ ಗಾಳಿಯಿಲ್ಲದೆ ಉರಿಗೆ ಬಲವಿಲ್ಲ, ಉರಿಯಿಲ್ಲದೆ ಕಂಪ್ರೆಸರ್ ತಿರುಗದು. ಆದ್ದರಿಂದ ಮೊದಲು ಮೋಟಾರೋ ಡೀಸೆಲ್ ಎಂಜಿನ್ನೋ ಅದನ್ನು ತಿರುಗಿಸಬೇಕು; ಕೆಲವೆಡೆ ಜನರೇಟರನ್ನೇ ಮೋಟಾರಿನಂತೆ ಓಡಿಸುತ್ತಾರೆ. ವೇಗ ಬಂದ ಮೇಲೆ ಇಂಧನ ಹೊತ್ತಿಸಿ, ಯಂತ್ರ ಸ್ವಂತ ಬಲದಿಂದ ಓಡತೊಡಗಿದಾಗ ಆಸರೆ ಬಿಡಿಸುತ್ತಾರೆ.

ಸ್ಟೊಡೋಲರು 1942ರಲ್ಲಿ ತೀರಿಕೊಂಡರು. ನ್ಯೂಷಾಟೆಲ್ ಪಟ್ಟಣದಲ್ಲಿ ನೆಲೆಗೊಂಡ ಆ ಟರ್ಬೈನು 2002ರವರೆಗೂ ಸೇವೆಯಲ್ಲಿತ್ತು.