ಕಪಿಲೆ ಪಟ್ಟಿಗೆ ಸೇರಿದ ವರ್ಷ: ದಿವಾನ್ ಶೇಷಾದ್ರಿ ಅಯ್ಯರ್ ಮತ್ತು 1892ರ ಒಪ್ಪಂದ

ತಗಡೂರಿನವನು ಬರೀತಿದಾನೆ ಅಂದ್ರೆ ಖಾದಿಯ ತಗಡೂರು ರಾಮಚಂದ್ರರಾಯರ ಬಗ್ಗೆಯೇ ಇರಬೇಕು ಅಂತ ನೀವು ಅಂದ್ಕೊಂಡಿರ್ತೀರಿ. ಅವರ ಬಗ್ಗೆ ಇನ್ನೊಂದ್ಸಲ ಬರೆಯುವೆ. ಈ ಸಲ ನಮ್ಮೂರಿಗೆ ಯಾವತ್ತೂ ಹತ್ತಿರ ಅನ್ನಿಸದ ಒಬ್ಬರ ಕತೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಪ್ರತಿಮೆಯಾಗಿ ನಿಂತಿರುವ, ಶೇಷಾದ್ರಿಪುರಂ ಅನ್ನೋ ಬಡಾವಣೆಗೆ ಹೆಸರು ಕೊಟ್ಟಿರುವ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್.

ಇವರ ಕಡೆ ನನ್ನನ್ನು ಕಳಿಸಿದ್ದು ಒಬ್ಬ ತಾತ. ನಮ್ಮ ಕಡೆ ಒಂದು ಉಚಿತ ಕಾನೂನು ಅರಿವು ಶಿಬಿರದಲ್ಲಿ ನಾನು ಅರ್ಜಿ ಬರೆದುಕೊಡಲು ಕೂತಿದ್ದೆ. ಹುಲ್ಲಹಳ್ಳಿ ನಾಲೆ ಪಕ್ಕದ ಗದ್ದೆಯ ಆ ತಾತ ಕುಡಿಯೋ ನೀರಿನ ನಲ್ಲಿ ವಿಷಯಕ್ಕೆ ಬಂದಿದ್ರು. ಅರ್ಜಿ ಮುಗಿದ ಮೇಲೆ ಎದ್ದು ಹೋಗದೆ ಇನ್ನೊಂದು ಕೇಳಿದ್ರು. ನಮ್ಮ ಕಪಿಲೆ ನಮ್ಮ ಮುಂದೆ ಹರೀತದೆ, ಅದರ ನೀರು ಹಿಡಿಯೋಕೆ ಬೇರೆಯವರನ್ನ ಕೇಳಬೇಕು ಅಂತ ಮೊದಲು ಒಪ್ಪಿಕೊಂಡು ಬಂದವರು ಯಾರು ಅಂತ. ನಾನು ಟ್ರಿಬ್ಯುನಲ್, ಸುಪ್ರೀಂ ಕೋರ್ಟ್ ಅಂತ ಏನೇನೋ ಹೇಳಿದೆ. ಅವರು ಕೇಳಿದ್ದು ಅದಲ್ಲ. ಮೊದಲು ಯಾರು ಅಂತ.

ಮನೆಗೆ ಬಂದು 1892ರ ಮದ್ರಾಸು-ಮೈಸೂರು ಒಪ್ಪಂದ ತೆಗೆದು ಓದಿದೆ. ಅದರ ಕೊನೆಗೆ 15 ನದಿಗಳ ಒಂದು ಪಟ್ಟಿ ಇದೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ, ಆಮೇಲೆ ಕಬಿನಿ. ಅಂದ್ರೆ ನಮ್ಮ ಕಪಿಲೆ. ಆಗ ಮೈಸೂರಿನ ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್.

ಅವರು ಹುಟ್ಟಿದ್ದು 1845ರಲ್ಲಿ, ಪಾಲಕ್ಕಾಡಿನ ಕಡೆಯ ತಮಿಳು ಬ್ರಾಹ್ಮಣ ಕುಟುಂಬದಲ್ಲಿ. ತಂದೆ ಕಲ್ಲಿಕೋಟೆಯಲ್ಲಿ ವಕೀಲರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎ. ಮುಗಿಸಿದ 1868ರಲ್ಲೇ ಮೈಸೂರು ಸೇವೆಗೆ ಬಂದರು, ಕರೆತಂದವರು ರಂಗಾಚಾರ್ಲು. ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಅಯ್ಯರ್ ಕೆಲಸ ಮಾಡುತ್ತಲೇ ಕಾನೂನು ಓದಿ ಬಿ.ಎಲ್. ಮಾಡಿಕೊಂಡರು. ಕೋರ್ಟು ಕಚೇರಿಯ ಕೆಲಸದಿಂದ ಶುರುವಾಗಿ ತುಮಕೂರಿನ ಡೆಪ್ಯುಟಿ ಕಮಿಷನರ್ ಹುದ್ದೆವರೆಗೆ ಹೋದರು. ಹೀಗೆ ಫೈಲು, ಕಲಂ, ಷರತ್ತುಗಳ ನಡುವೆ ಬೆಳೆದ ಮನುಷ್ಯ ಇವರು. ವಿಶ್ವೇಶ್ವರಯ್ಯನವರ ಹಾಗೆ ಎಂಜಿನಿಯರ್ ಅಲ್ಲ. ಮುಂದಿನ ಕತೆಗೆ ಈ ವ್ಯತ್ಯಾಸ ಮುಖ್ಯ.

ಈ ನಡುವೆ 1876ರಿಂದ 78ರವರೆಗೆ ಬರ ಬಂತು. ನಮ್ಮ ಹಳೇ ಜನ ಧಾತು ಈಶ್ವರದ ಬರ ಅಂತಿದ್ರಲ್ಲ, ಅದೇ. ಮೈಸೂರು ಸಂಸ್ಥಾನದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚು ಕಡಿಮೆ ಐದರಲ್ಲಿ ಒಬ್ಬರು. ಕೆರೆಗಳು ಒಡೆದು ಹೂಳು ತುಂಬಿ ಬಿದ್ದಿದ್ದವು. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ವಾಪಸ್ ಕೊಟ್ಟಾಗ ಕೊಟ್ಟದ್ದು ಇಂಥ ರಾಜ್ಯ, ಜೊತೆಗೆ ಸಾಲ. ಅದರ ಮೇಲೆ ವರ್ಷಕ್ಕೆ 24.5 ಲಕ್ಷ ಇದ್ದ ಕಪ್ಪವನ್ನು 35 ಲಕ್ಷಕ್ಕೆ ಏರಿಸಿದರು. ಬರದಿಂದ ಎದ್ದೇಳಲಾಗದ ರಾಜ್ಯ ಅಂತ ಆ ಏರಿಕೆಯನ್ನು ಕೆಲವು ವರ್ಷ ಮುಂದೂಡಿದರು, ಅಷ್ಟೇ ದಯೆ. 1883ರಲ್ಲಿ ರಂಗಾಚಾರ್ಲು ತೀರಿಕೊಂಡರು. 37 ವರ್ಷದ ಅಯ್ಯರ್ ದಿವಾನರಾದರು, 18 ವರ್ಷ ಆ ಕುರ್ಚಿ ಬಿಡಲಿಲ್ಲ.

ಬರ ಕಂಡವರು ಮೊದಲು ಮಾಡೋ ಕೆಲಸವನ್ನೇ ಅವರೂ ಮಾಡಿದರು. ಕೆರೆ ಕಟ್ಟೆ ದುರಸ್ತಿ, ಹೊಸ ನಾಲೆ. ಅವರ ಅವಧಿಯಲ್ಲಿ ನೀರಾವರಿಗೆ ಸುಮಾರು 1 ಕೋಟಿ ರೂಪಾಯಿ ಖರ್ಚಾಯಿತು. ಆ ಕಾಲದ ಕೋಟಿ. ಮೇಲೆ ಕೆರೆ ತುಂಬಿದರೆ ಕೆಳಗೆ ಗುನುಗುನು ಶುರುವಾಗಲೇಬೇಕಲ್ಲ. ತಂಜಾವೂರಿನ ಗದ್ದೆಗಳು ಸಾವಿರ ವರ್ಷಕ್ಕಿಂತ ಹಳೇವು, ಅಲ್ಲಿಯ ರೈತನ ಭಯ ಸುಳ್ಳಲ್ಲ. ಆದರೆ ದೂರು ಕೊಟ್ಟಿದ್ದು ಮದ್ರಾಸ್ ಸರ್ಕಾರ, ಅಂದ್ರೆ ಬ್ರಿಟಿಷರೇ. ವಿಚಾರಣೆ ಮಾಡಬೇಕಾಗಿದ್ದದ್ದು ಭಾರತ ಸರ್ಕಾರ, ಅವರೂ ಬ್ರಿಟಿಷರೇ. ಎದುರಿಗೆ ನಿಂತವನು ಗವರ್ನರ್ ಜನರಲ್ ಕೊಟ್ಟ ಸಲಹೆಯನ್ನು ಯಾವಾಗಲೂ ಪಾಲಿಸುತ್ತೇನೆ ಅಂತ 1881ರ ಹಸ್ತಾಂತರ ಪತ್ರದಲ್ಲೇ ಒಪ್ಪಿಕೊಂಡಿದ್ದ ಮಹಾರಾಜನ ದಿವಾನ. 1890ರಲ್ಲಿ ಊಟಿಯಲ್ಲಿ ಮಾತುಕತೆ ಆಯಿತು. ಅಯ್ಯರ್ ಹೋಗಿ ಕೂತರು. ಎರಡು ವರ್ಷ ಕಾಗದ ಓಡಾಡಿ 1892ರ ಫೆಬ್ರವರಿ 18ರಂದು ನಿಯಮಗಳು ಬಂದವು.

ಅದರಲ್ಲಿ ಏನಿದೆ ಅಂತ ನೇರವಾಗಿ ಹೇಳಿಬಿಡ್ತೀನಿ, ಯಾಕಂದ್ರೆ ಕಾವೇರಿ ಗಲಾಟೆ ಆದಾಗಲೆಲ್ಲ ಇದರ ಹೆಸರು ಹೇಳುವವರು ಬಹಳ, ಓದಿದವರು ಕಡಿಮೆ. ಪಟ್ಟಿಯ 15 ನದಿಗಳಿಗೆ ಅಡ್ಡವಾಗಿ ಮೈಸೂರು ಯಾವುದೇ ಹೊಸ ನೀರಾವರಿ ಜಲಾಶಯ ಕಟ್ಟಬೇಕಾದರೂ ಮದ್ರಾಸಿನ ಒಪ್ಪಿಗೆ ಮೊದಲೇ ಬೇಕು. ಪೂರ್ತಿ ಮಾಹಿತಿ ಕಳಿಸಬೇಕು. ಇದು ಕಟ್ಟಿಹಾಕುವ ಭಾಗ. ಆದರೆ ಮುಂದೆ ಇನ್ನೊಂದು ಮಾತಿದೆ. ಮದ್ರಾಸು ಸುಮ್ಮನೆ ಬೇಡ ಅನ್ನೋ ಹಾಗಿಲ್ಲ. ಆಗಲೇ ಪಡೆದುಕೊಂಡಿರುವ, ನಿಜವಾಗಿ ಬಳಕೆಯಲ್ಲಿರುವ ರೂಢಿಯ ಹಕ್ಕನ್ನು ಕಾಪಾಡೋಕೆ ಮಾತ್ರ ಬೇಡ ಅನ್ನಬಹುದು. ಇಬ್ಬರಿಗೂ ಒಮ್ಮತ ಆಗದಿದ್ದರೆ ಮಧ್ಯಸ್ಥಗಾರರ ಮುಂದೆ ಅಥವಾ ಭಾರತ ಸರ್ಕಾರದ ಮುಂದೆ ಹೋಗಬೇಕು.

ಈ ಎರಡನೇ ಭಾಗದಲ್ಲಿ ವಕೀಲ ಅಯ್ಯರ್ ನನಗೆ ಕಾಣಿಸ್ತಾರೆ. ಕೈಯಲ್ಲಿ ಬಲ ಇಲ್ಲದವನು ದೊಡ್ಡವನ ಜೊತೆ ಕರಾರು ಮಾಡಿಕೊಳ್ಳುವಾಗ ಒಂದು ಬಾಗಿಲನ್ನಾದರೂ ತೆರೆದಿಟ್ಟುಕೊಳ್ತಾನೆ. ಮುಂದೆ ಹೊಸದಾಗಿ ಬೆಳೆಸಿಕೊಳ್ಳುವ ಬಳಕೆಗೆ ಮದ್ರಾಸು ಹಕ್ಕು ಹೇಳದ ಹಾಗೆ, ಅವತ್ತು ಇದ್ದದ್ದಕ್ಕೆ ಮಾತ್ರ ರಕ್ಷಣೆ ಸಿಗುವ ಹಾಗೆ ಆ ಪದಗಳಿವೆ. ಹಾಗಂತ ಅವರನ್ನು ನಾನು ಪೂರ್ತಿ ಬಿಟ್ಟುಬಿಡಲ್ಲ. ಊಟಿಯ ಆ ಕೋಣೆಯಲ್ಲಿ ನಮ್ಮ ಕಪಿಲೆ ದಡದ ಒಬ್ಬ ರೈತನೂ ಇರಲಿಲ್ಲ, ತಂಜಾವೂರಿನವನೂ ಇರಲಿಲ್ಲ. ಮೈಸೂರಿನಲ್ಲಿ ಆಗಲೇ ಪ್ರಜಾಪ್ರತಿನಿಧಿ ಸಭೆ ಇತ್ತು, 1881ರಿಂದಲೇ. ಆದರೆ ಅಲ್ಲಿದ್ದವರು ಜಮೀನು ಇರುವವರು, ವ್ಯಾಪಾರಿಗಳು, ಓದಿದವರು. ಅವರಿಗೂ ಅರ್ಜಿ ಕೊಡುವ ಅವಕಾಶವೇ ಹೊರತು ತೀರ್ಮಾನಿಸುವ ಅಧಿಕಾರ ಇರಲಿಲ್ಲ. ಊರ ಬಾವಿಯನ್ನೇ ಮುಟ್ಟಲಾಗದ ಕೇರಿಯ ಜನಕ್ಕಂತೂ ನದಿ ಮೇಲಿನ ಹಕ್ಕು ಅನ್ನೋ ಮಾತೇ ದೂರದ್ದು.

ಅಯ್ಯರ್ ಮೇಲೆ ಆ ಕಾಲದಲ್ಲಿ ಇದ್ದ ದೊಡ್ಡ ಸಿಟ್ಟು ನೀರಿನದ್ದಲ್ಲ, ನೌಕರಿಯದ್ದು. ದೊಡ್ಡ ಹುದ್ದೆಗಳನ್ನೆಲ್ಲ ಮದ್ರಾಸಿನಿಂದ ಬಂದವರಿಗೆ ಕೊಡ್ತಾರೆ ಅಂತ ಮೈಸೂರಿನ ವಿದ್ಯಾವಂತರು ಕುದೀತಿದ್ರು. ಆ ದೂರಿನಲ್ಲಿ ಹುರುಳಿತ್ತು. ಆದರೆ ಅದನ್ನೇ ಎಳೆದು ತಂದು, ತಮಿಳರಾದ್ದರಿಂದ ನಮ್ಮ ನದಿ ಬರೆದುಕೊಟ್ಟರು ಅಂತ ಈಗ ಫೇಸ್‌ಬುಕ್ಕಲ್ಲಿ ಬರೆಯೋರನ್ನ ನೋಡಿದ್ದೀನಿ. ಅದು ತಪ್ಪು. ಮೈಸೂರಿನಲ್ಲೇ ಹುಟ್ಟಿ ಬೆಳೆದವನು ಆ ಕುರ್ಚಿಯಲ್ಲಿ ಇದ್ದಿದ್ರೂ ಹಸ್ತಾಂತರ ಪತ್ರದ ಷರತ್ತು ಅದೇ ಇರ್ತಿತ್ತು.

ಆಮೇಲಿನ ಅವರ ಕೆಲಸಗಳಲ್ಲೂ ನೀರೇ ಜಾಸ್ತಿ. ಬೆಂಗಳೂರು ಆಗ ಕುಡೀತಿದ್ದದ್ದು ಧರ್ಮಾಂಬುಧಿ, ಸಂಪಂಗಿ, ಹಲಸೂರಿನಂಥ ಕೆರೆಗಳ ನೀರು ಮತ್ತು ಬಾವಿ ನೀರು. ಊರಿನ ಕೊಳೆಯೂ ಅದೇ ಕೆರೆಗಳಿಗೆ ಇಳೀತಿತ್ತು. (ಧರ್ಮಾಂಬುಧಿ ಎಲ್ಲಿ ಅಂತ ಹುಡುಕಬೇಡಿ. ಮೆಜೆಸ್ಟಿಕ್ಕಲ್ಲಿ ಬಸ್ಸಿಗೆ ಕಾಯ್ತಾ ಅದರ ಮೇಲೇ ನಿಂತಿರ್ತೀರಿ.) ಅಯ್ಯರ್ ಕಾಲದಲ್ಲಿ ಊರಾಚೆ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕೆರೆ ಕಟ್ಟಿಸಿದರು. ಸೋಲದೇವನಹಳ್ಳಿಯಿಂದ ಸ್ಟೀಮ್ ಪಂಪಿನಲ್ಲಿ ನೀರೆತ್ತಿ 1896ರ ಹೊತ್ತಿಗೆ ಪೈಪಿನಲ್ಲಿ ಊರಿಗೆ ತಂದರು. ಚಾಮರಾಜೇಂದ್ರ ವಾಟರ್ ವರ್ಕ್ಸ್ ಅಂತ ಹೆಸರು. ಆ ಹೆಸರಿನ ರಾಜ 1894ರ ಡಿಸೆಂಬರಿನಲ್ಲೇ ಕಲ್ಕತ್ತದಲ್ಲಿ ಗಂಟಲು ಬೇನೆಯಿಂದ ತೀರಿಕೊಂಡಿದ್ದರು. ಮಗನಿಗೆ ಇನ್ನೂ 10 ವರ್ಷ. ರಾಣಿ ವಾಣಿವಿಲಾಸರು ರೀಜೆಂಟ್ ಆದರು, ದಿವಾನರ ಹಿಡಿತ ಇನ್ನೂ ಬಿಗಿಯಾಯಿತು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಸಾವಿರಾರು ಜನ ಸತ್ತರು. ಇಕ್ಕಟ್ಟಿನ ಪೇಟೆಗಳಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಹುಟ್ಟಿದ್ದು ಆಗಲೇ. ಅದೇ ವರ್ಷ ಚಿತ್ರದುರ್ಗ ಸೀಮೆಯಲ್ಲಿ ವೇದಾವತಿಗೆ ಮಾರಿಕಣಿವೆ ಅಣೆಕಟ್ಟಿನ ಕೆಲಸ ಶುರುವಾಯಿತು. ವೇದಾವತಿಯೂ 1892ರ ಪಟ್ಟಿಯಲ್ಲಿದ್ದ ನದಿ. ಅಂದ್ರೆ ಒಪ್ಪಂದ ಕಟ್ಟಿಹಾಕಿತ್ತು ನಿಜ, ಉಸಿರು ನಿಲ್ಲಿಸಿರಲಿಲ್ಲ.

ಅವರ ಕೊನೆಯ ದೊಡ್ಡ ಕೆಲಸ ನಮ್ಮ ಕಡೆಯದೇ. ಕಪಿಲೆ ತಿರುಮಕೂಡಲಲ್ಲಿ ಕಾವೇರಿ ಸೇರಿ ಮುಂದೆ ಹೋಗಿ ಶಿವನಸಮುದ್ರದಲ್ಲಿ ಬೀಳುತ್ತೆ. ಆಚೆ ದಡದ ಕೊಳ್ಳೇಗಾಲ ಆಗ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಬೀಳುವ ನೀರಿನಿಂದ ಕರೆಂಟು ತೆಗೆದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸೋ ಯೋಜನೆಗೆ ಅಯ್ಯರ್ ಹಣ ಹೊಂದಿಸಿದರು. ಎಂಜಿನಿಯರ್ ಜೋಲಿ ಡಿ ಲೋಟ್ಬಿನಿಯರ್, ಯಂತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್ಕಿನದು. 1902ರ ಜೂನಿನಲ್ಲಿ ಗಣಿಗೆ ಕರೆಂಟು ಹೋಯಿತು. ನಮ್ಮ ನೀರಿನ ಬಲ ಮೊದಲು ಹೋದದ್ದು ಇಂಗ್ಲಿಷ್ ಕಂಪನಿಗಳ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ, ನದಿ ದಡದ ನಮ್ಮ ಹಳ್ಳಿಗಳಿಗೆ ಇನ್ನೂ ಎಷ್ಟೋ ದಶಕದ ಮೇಲೆ. ಅಯ್ಯರ್ ಅದನ್ನು ನೋಡಲಿಲ್ಲ. ಆರೋಗ್ಯ ಕೆಟ್ಟು 1901ರ ಮಾರ್ಚಿನಲ್ಲಿ ಕೆಲಸ ಬಿಟ್ಟರು, ಸೆಪ್ಟೆಂಬರಿನಲ್ಲಿ ತೀರಿಕೊಂಡರು. 56 ವರ್ಷ.

ಅವರು ಹೋದ ಮೇಲೂ ಆ ಕಾಗದ ಸುಮ್ಮನಿರಲಿಲ್ಲ. ಮೈಸೂರು ಕನ್ನಂಬಾಡಿ ಕಟ್ಟೆ ಕಟ್ಟಲು ಹೊರಟಾಗ ಮದ್ರಾಸು ತಕರಾರು ತೆಗೀತು. ಆಗ ಅಯ್ಯರ್ ತೆರೆದಿಟ್ಟ ಬಾಗಿಲು ನೆನಪಾಯಿತು, ಮಧ್ಯಸ್ಥಿಕೆ. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಗ್ರಿಫಿನ್ 1914ರ ಮೇ ತಿಂಗಳಲ್ಲಿ ಕೊಟ್ಟ ತೀರ್ಪು ಮೈಸೂರಿಗೆ ಅನುಕೂಲವಾಗಿತ್ತು. ಭಾರತ ಸರ್ಕಾರವೂ ಒಪ್ಪಿತು. ಮದ್ರಾಸು ಲಂಡನ್ನಿಗೆ ಹೋಯಿತು, 1919ರಲ್ಲಿ ಅಲ್ಲಿಯ ಸೆಕ್ರೆಟರಿ ಆಫ್ ಸ್ಟೇಟ್ ಅದನ್ನು ತಳ್ಳಿಹಾಕಿದ. ಕಾನೂನಿನಲ್ಲಿ ಗೆದ್ದದ್ದನ್ನು ಯಜಮಾನಿಕೆಯಲ್ಲಿ ಸೋಲೋದು ಅಂದ್ರೆ ಇದು. ಮತ್ತೆ ಚೌಕಾಸಿ, 1924ರ ಫೆಬ್ರವರಿ 18ರಂದು ಎರಡನೇ ಒಪ್ಪಂದ. ಕಾಕತಾಳೀಯವೋ ಏನೋ, ಅದೇ ತಾರೀಖು. 50 ವರ್ಷದ ಮೇಲೆ ಮರುಪರಿಶೀಲನೆ ಅಂತ ಅದರಲ್ಲಿತ್ತು. ಆ 50 ವರ್ಷ ತುಂಬಿದ 1974ರಲ್ಲೇ ಹೆಗ್ಗಡದೇವನಕೋಟೆಯಲ್ಲಿ ನಮ್ಮ ಕಬಿನಿ ಅಣೆಕಟ್ಟು ಮುಗೀತು.

2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆಯೂ ಅಯ್ಯರ್ ಕಾಲದ ಊಟಿ ಬಂತು. ಬಲ ಇಲ್ಲದವನ ಕೈಲಿ ಬರೆಸಿಕೊಂಡ ಕರಾರು ಅದು, ಸಲ್ಲದು ಅನ್ನೋದು ಕರ್ನಾಟಕದ ವಾದ. ಕೋರ್ಟು ಒಪ್ಪಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಬಲ ಬಂದಿತ್ತಲ್ಲ, ಆಗ ಯಾಕೆ ಬೇಡ ಅನ್ನಲಿಲ್ಲ ಅನ್ನೋದು ಅದರ ಪ್ರಶ್ನೆಯ ಸಾರ. ಇದನ್ನು ಓದಿದಾಗ ನನಗೆ ಅಯ್ಯರ್ ಮೇಲಿನ ಸಿಟ್ಟು ಅವರ ನಂತರದವರ ಕಡೆ ತಿರುಗಿತು. ಬ್ರಿಟಿಷರ ಕೆಳಗಿದ್ದ ದಿವಾನನಿಗೆ ಒಂದು ನೆಪವಾದರೂ ಇತ್ತು. ಆದರೆ 1924ರ ಒಪ್ಪಂದ 50 ವರ್ಷಕ್ಕೇ ಮುಗೀತು ಅಂತ ಕೋರ್ಟು ಹೇಳಿತು, ಕುಡಿಯುವ ನೀರಿಗೆ ಮೊದಲ ಜಾಗ ಕೊಟ್ಟಿತು, ಕರ್ನಾಟಕದ ಪಾಲಿಗೆ 14.75 ಟಿಎಂಸಿ ಹೆಚ್ಚು ಸೇರಿಸಿತು. ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಹೆಸರಘಟ್ಟದ ಪೈಪಿನಿಂದ ಶುರುವಾದ ಊರಿನ ಬಾಯಾರಿಕೆ ಅಷ್ಟು ದೂರ ಬಂದಿತ್ತು.

ತಾತನಿಗೆ ಇಷ್ಟನ್ನೂ ಹೇಳಿದೆ, ಇನ್ನೊಂದು ಸಲ ಸಿಕ್ಕಾಗ. ಗಮನ ಇಟ್ಟು ಕೇಳಿದರು. ರಾಜ್ಯ ರಾಜ್ಯಗಳ ನಡುವಿನ ನದಿ ಜಗಳಕ್ಕೆ ನಾನು ನೀವು ಅರ್ಜಿ ಹಾಕೋಕೆ ಆಗಲ್ಲ, ಅದಕ್ಕೆ 1956ರ ಕಾಯ್ದೆ, ಟ್ರಿಬ್ಯುನಲ್ ಬೇರೆ ಇದೆ ಅಂದೆ. ಆದರೆ ನಲ್ಲಿಯಲ್ಲಿ ನೀರು ಬರದಿದ್ದರೆ, ಬಂದ ನೀರು ಕುಡಿಯೋ ಹಾಗಿಲ್ಲದಿದ್ದರೆ ದಾರಿ ಇದೆ. ಜನರಿಗೆ ನೀರು ಪೂರೈಸೋದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಸಾರ್ವಜನಿಕ ಉಪಯುಕ್ತ ಸೇವೆ. ಕೇಸು ಕೋರ್ಟಿಗೆ ಹೋಗೋಕೆ ಮುಂಚೆಯೇ ಖಾಯಂ ಲೋಕ ಅದಾಲತ್ತಿಗೆ ಅರ್ಜಿ ಕೊಡಬಹುದು, ಕೋರ್ಟ್ ಫೀಸಿಲ್ಲ. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಸರ್ಕಾರದ ಖರ್ಚಲ್ಲೇ ವಕೀಲರು ಸಿಗ್ತಾರೆ. ಶುದ್ಧ ನೀರು ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ.

ತಾತ ಅದೆಲ್ಲ ಇರಲಿ ಅಂದ್ರು. ಹೋದ ಸಲ ಬರೆದ ಅರ್ಜಿಗೆ ಉತ್ತರ ಬಂದಿರಲಿಲ್ಲ. ಹಾಗಾಗಿ ಈ ಸಲ ಸೊಸೆಯ ಹೆಸರಲ್ಲಿ, ಲೋಕ ಅದಾಲತ್ತಿಗೆ ಬರೆದೆವು. ವಿಷಯ ಅಂತ ಇರೋ ಕಡೆ ಏನು ಹಾಕಲಿ ಅಂತ ಕೇಳಿದೆ. ನೀರು ಅಂತಷ್ಟೇ ಹಾಕು ಅಂದ್ರು.