ಚಿಪ್ಪಿನ ಹಿಂದೆ ಎಂಟು ವರ್ಷ: ಇವತ್ತಾಗಿದ್ದರೆ ಡಾರ್ವಿನ್‌ಗೆ ಪ್ರಮೋಷನ್ ಸಿಗ್ತಿತ್ತಾ?

ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನನ್ನದೊಂದು ‘ಅಂತಾರಾಷ್ಟ್ರೀಯ’ ಪೇಪರ್ ಪ್ರಕಟವಾಗಿತ್ತು. ನಾಲ್ಕು ಜನ ಹುಡುಗರು ದುಡ್ಡು ಸೇರಿಸಿ ಜರ್ನಲ್‌ಗೆ ಫೀಸು ಕಟ್ಟಿದ್ದೆವು. ಕಳಿಸಿದ ಮೂರನೇ ದಿನಕ್ಕೇ ಒಪ್ಪಿಗೆಯ ಮೇಲ್ ಬಂತು. ಅದನ್ನು ಯಾರೂ ಓದಿರಲಿಲ್ಲ ಅನ್ನೋದಕ್ಕೆ ನನ್ನ ಹತ್ತಿರ ಪುರಾವೆ ಇದೆ: ಒಂದು ಗ್ರಾಫಿನ ಎರಡೂ ಅಕ್ಷಗಳಿಗೆ ನಾವು ಒಂದೇ ಹೆಸರು ಬರೆದಿದ್ದೆವು, ಅದು ಹಾಗೇ ಅಚ್ಚಾಗಿದೆ. ಲೇಖಕರ ಪಟ್ಟಿಯಲ್ಲಿ ಆ ಪ್ರಾಜೆಕ್ಟನ್ನು ಕಣ್ಣಲ್ಲೂ ನೋಡಿರದ ಇಬ್ಬರ ಹೆಸರಿತ್ತು. ಆಗ ನಮಗ್ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ಎಲ್ಲರೂ ಹಾಗೇ ಮಾಡ್ತಿದ್ದರು.

ಆ ಪೇಪರ್ ನೆನಪಾಗಿ ಮುಜುಗರ ಆದಾಗಲೆಲ್ಲ ನಾನು ಚಾರ್ಲ್ಸ್ ಡಾರ್ವಿನ್ ಬದುಕಿನ ಒಂದು ಭಾಗಕ್ಕೆ ವಾಪಸ್ ಹೋಗ್ತೀನಿ. ಗ್ಯಾಲಪಗೋಸ್‌ನ ಡಾರ್ವಿನ್ ಅಲ್ಲ, ಮಂಗನಿಂದ ಮಾನವ ಎಂಬ ಜಗಳದ ಡಾರ್ವಿನ್ ಕೂಡ ಅಲ್ಲ. ಕೆಂಟ್ ಪ್ರಾಂತ್ಯದ ಹಳ್ಳಿಮನೆಯಲ್ಲಿ ಕೂತು ಕಾಳಿನಷ್ಟು ದೊಡ್ಡ ಕಡಲ ಜೀವಿಗಳನ್ನು ಎಂಟು ವರ್ಷ ಕೊಯ್ದು ನೋಡಿದ ಡಾರ್ವಿನ್.

ಮೊದಲ ಶೋಧ, ಮೊದಲ ಪೆಟ್ಟು

ಡಾರ್ವಿನ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ. ಅಪ್ಪ ಡಾಕ್ಟರು, ಮಗನೂ ಡಾಕ್ಟರಾಗಲಿ ಅಂತ ಎಡಿನ್‌ಬರೋಗೆ ಕಳಿಸಿದರು. ಅರಿವಳಿಕೆ ಇಲ್ಲದ ಕಾಲದ ಶಸ್ತ್ರಚಿಕಿತ್ಸೆ ನೋಡಲಾಗದೆ ಹುಡುಗ ಹೊರಗೆ ಓಡಿಬಂದ. ಕ್ಲಾಸಿಗಿಂತ ಕಡಲತೀರ ಅವನಿಗೆ ಇಷ್ಟವಾಯಿತು. ಅಲ್ಲಿ ಗುರುವಾಗಿ ಸಿಕ್ಕವರು ರಾಬರ್ಟ್ ಗ್ರಾಂಟ್, ಸ್ಪಂಜುಗಳ ಬಗ್ಗೆ ಆಳವಾಗಿ ತಿಳಿದಿದ್ದ ಪ್ರಾಣಿಶಾಸ್ತ್ರಜ್ಞ.

ಹದಿನೆಂಟರ ಡಾರ್ವಿನ್‌ಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಪಾಚಿಯ ಚಾಪೆಯಂತೆ ಕಾಣುವ ಫ್ಲಸ್ಟ್ರಾ ಎಂಬ ಕಡಲ ಜೀವಿಯ ಮರಿಗಳು ಸೂಕ್ಷ್ಮ ರೋಮಗಳನ್ನು ಬೀಸಿ ತಾವೇ ಈಜುತ್ತಿದ್ದವು. 1827ರ ಮಾರ್ಚ್ 27ರಂದು ವಿದ್ಯಾರ್ಥಿಗಳ ಪ್ಲಿನಿಯನ್ ಸೊಸೈಟಿಯಲ್ಲಿ ಅವನು ಇದನ್ನು ಮಂಡಿಸಿದ. ಆದರೆ ಮೂರು ದಿನ ಮೊದಲೇ ಗ್ರಾಂಟ್ ಇದೇ ಸಂಗತಿಯನ್ನು ಹಿರಿಯರ ವರ್ನೇರಿಯನ್ ಸೊಸೈಟಿಯಲ್ಲಿ ಹೇಳಿಯಾಗಿತ್ತು. ಸಂಶೋಧನಾ ಲೋಕದಲ್ಲಿ ಯಾರು ಕಂಡರು ಅನ್ನೋದಕ್ಕಿಂತ ಯಾರು ಮೊದಲು ಹೇಳಿದರು ಅನ್ನೋದೇ ಲೆಕ್ಕಕ್ಕೆ ಬರುತ್ತೆ ಎಂಬ ಪಾಠ ಡಾರ್ವಿನ್‌ಗೆ ಆಗಲೇ ಆಯಿತು. ಗೈಡ್‌ಗಳ ಕೈಕೆಳಗೆ ದುಡಿದ ನಮ್ಮ ಪಿಎಚ್‌ಡಿ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಶಂಖದೊಳಗಿನ ಪುಟ್ಟ ತೂತು

1831ರ ಡಿಸೆಂಬರಿನಲ್ಲಿ ಹೊರಟ ಬೀಗಲ್ ಹಡಗು 1836ರ ಅಕ್ಟೋಬರಿನಲ್ಲಿ ಮರಳಿತು. ಆ ಪಯಣದ ಕಥೆ ಎಲ್ಲರಿಗೂ ಗೊತ್ತು. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು, 1835ರ ಜನವರಿಯಲ್ಲಿ ಚಿಲಿಯ ಚೋನೋಸ್ ದ್ವೀಪಗಳ ದಡದಲ್ಲಿ ಅವರು ಎತ್ತಿಕೊಂಡ ಒಂದು ಶಂಖ. ಅದರ ಚಿಪ್ಪಿನ ತುಂಬ ಸಣ್ಣಸಣ್ಣ ತೂತು, ಪ್ರತಿ ತೂತಿನೊಳಗೂ ಒಂದು ಪುಟಾಣಿ ಜೀವಿ. ಅದೊಂದು ಬಾರ್ನಕಲ್. ಮೀನುಗಾರರ ದೋಣಿಯ ತಳಕ್ಕೆ, ಬಂದರಿನ ಕಂಬಗಳಿಗೆ ಸುಣ್ಣದ ಗುಬುಟಿನಂತೆ ಅಂಟಿಕೊಳ್ಳುತ್ತಲ್ಲ, ಆ ಜಾತಿಯದ್ದು. ಆದರೆ ಇದಕ್ಕೆ ತನ್ನದೇ ಚಿಪ್ಪು ಇರಲಿಲ್ಲ, ಪರರ ಚಿಪ್ಪಿನೊಳಗೇ ಇದರ ಸಂಸಾರ.

ಜೀವಿಗಳು ಬದಲಾಗುತ್ತಾ ಬಂದಿವೆ ಎಂಬ ಸಿದ್ಧಾಂತವನ್ನು ಡಾರ್ವಿನ್ 1844ರಲ್ಲೇ ಸುಮಾರು 230 ಪುಟಗಳಲ್ಲಿ ಬರೆದು ಮುಗಿಸಿದ್ದರು. ತಾನು ಸತ್ತರೆ ಅದನ್ನು ಅಚ್ಚು ಹಾಕಿಸೋಕೆ 400 ಪೌಂಡ್ ಖರ್ಚು ಮಾಡು ಅಂತ ಹೆಂಡತಿ ಎಮ್ಮಾಗೆ ಚೀಟಿಯನ್ನೂ ಬರೆದಿಟ್ಟಿದ್ದರು. ಆದರೂ ಪ್ರಕಟಿಸಲಿಲ್ಲ. ಅದೇ ವರ್ಷ ಜೀವವಿಕಾಸದ ಬಗ್ಗೆ ಒಬ್ಬ ಅನಾಮಧೇಯ ಲೇಖಕನ ಪುಸ್ತಕ ಬಂದು, ಓದುಗರು ಮುಗಿಬಿದ್ದು ಕೊಂಡರು, ವಿಜ್ಞಾನಿಗಳು ಅದರ ತಪ್ಪುಗಳನ್ನು ಹಿಡಿದು ಹರಿದು ಹಾಕಿದರು. ಮರುವರ್ಷ ಗೆಳೆಯ ಜೋಸೆಫ್ ಹೂಕರ್ ಒಂದು ಪತ್ರದಲ್ಲಿ, ಹಲವು ಪ್ರಭೇದಗಳನ್ನು ತಾನೇ ಕೂತು ವಿವರಿಸದವರಿಗೆ ಪ್ರಭೇದಗಳ ಪ್ರಶ್ನೆ ಎತ್ತುವ ಹಕ್ಕಿಲ್ಲ ಎಂಬರ್ಥದ ಮಾತು ಬರೆದರು. ಅದು ಬೇರೆ ಯಾರನ್ನೋ ಕುರಿತ ಮಾತು. ಡಾರ್ವಿನ್‌ಗೆ ಮಾತ್ರ ತನಗೇ ಹೇಳಿದಂತೆ ನಾಟಿತು.

1846ರ ಅಕ್ಟೋಬರಿನಲ್ಲಿ ಅವರು ಆ ಚಿಲಿಯ ಜೀವಿಯನ್ನು ಬಿಚ್ಚಿ ಕೂತರು. ಕೆಲವು ತಿಂಗಳ ಕೆಲಸ ಅಂದುಕೊಂಡಿದ್ದರು. ಮುಗಿದದ್ದು 1854ರಲ್ಲಿ.

ಯಾಕೆ ಇಷ್ಟು ಕಾಲ? ಒಂದು ಜೀವಿ ವಿಚಿತ್ರವಾಗಿದೆ ಅಂತ ಹೇಳಬೇಕಾದರೆ ಉಳಿದವು ಹೇಗಿವೆ ಅಂತ ಗೊತ್ತಿರಬೇಕು. ಆ ಉಳಿದವುಗಳ ವರ್ಗೀಕರಣವೋ, ಪೂರಾ ಗೊಂದಲ. ಬಾರ್ನಕಲ್‌ಗಳು ಮೃದ್ವಂಗಿಗಳಲ್ಲ, ಏಡಿ ಸಿಗಡಿಗಳ ಬಳಗ ಅಂತ ಜಾನ್ ವಾನ್ ಥಾಂಪ್ಸನ್ ತೋರಿಸಿದ್ದೇ 1830ರಲ್ಲಿ. ಹಾಗಾಗಿ ಡಾರ್ವಿನ್ ಬ್ರಿಟಿಷ್ ಮ್ಯೂಸಿಯಂನಿಂದ, ಹ್ಯೂ ಕಮಿಂಗ್‌ರಂಥ ಸಂಗ್ರಾಹಕರಿಂದ ಮಾದರಿಗಳನ್ನು ಎರವಲು ತರಿಸಿದರು. ನೀರಲ್ಲಿ ನೆನೆಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಕಾಲು, ಒಂದೊಂದೇ ದವಡೆ ಬಿಡಿಸಿ ನೋಡಿದರು. ಮನೆಮಕ್ಕಳಿಗೆ ಅಪ್ಪ ಅಂದರೆ ಇದೇ ಕೆಲಸ. ಪಕ್ಕದ ಮನೆಯ ಅಪ್ಪ ತಮ್ಮ ಬಾರ್ನಕಲ್ ಕೆಲಸ ಎಲ್ಲಿ ಮಾಡ್ತಾರೆ ಅಂತ ಒಂದು ಮಗು ಕೇಳಿತ್ತಂತೆ, ಈ ಕಥೆ ಪ್ರಸಿದ್ಧ.

ನಡುವೆ ಹೊಟ್ಟೆನೋವು, ವಾಂತಿ, ತಿಂಗಳುಗಟ್ಟಲೆ ಮಾಲ್ವರ್ನ್‌ನಲ್ಲಿ ತಣ್ಣೀರು ಚಿಕಿತ್ಸೆ. ಅದೇ ಮಾಲ್ವರ್ನ್‌ನಲ್ಲಿ 1851ರ ಏಪ್ರಿಲ್ 23ರಂದು ಹತ್ತು ವರ್ಷದ ಮುದ್ದಿನ ಮಗಳು ಆನಿ ತೀರಿಕೊಂಡಳು. ಮೊದಲ ಸಂಪುಟ ಹೊರಬಂದದ್ದೂ ಅದೇ ವರ್ಷ.

ಈ ಕೆಲಸದಲ್ಲಿ ಸಿಕ್ಕಿದ್ದೇನು? ಸಾಮಾನ್ಯವಾಗಿ ಬಾರ್ನಕಲ್ ಒಂದರಲ್ಲೇ ಗಂಡು ಹೆಣ್ಣು ಎರಡೂ ಅಂಗಗಳಿರುತ್ತವೆ. ಆದರೆ ಇಬ್ಲಾ ಎಂಬ ಕುಲದ ಒಂದು ಪ್ರಭೇದದಲ್ಲಿ ಹೆಣ್ಣಿನ ಮೈಯೊಳಗೆ ಅಂಟಿಕೊಂಡಿದ್ದ, ಪರಾವಲಂಬಿ ಅನ್ನಿಸುವಂಥ ಚುಕ್ಕೆಗಳೇ ಗಂಡುಗಳು ಅಂತ ಡಾರ್ವಿನ್ ಕಂಡರು. ಇನ್ನೊಂದು ಪ್ರಭೇದದಲ್ಲಿ ದ್ವಿಲಿಂಗಿಯ ಮೇಲೂ ಇಂಥ ಕುಬ್ಜ ಗಂಡುಗಳಿದ್ದವು. ದ್ವಿಲಿಂಗಿಯಿಂದ ಬೇರೆಬೇರೆ ಲಿಂಗಗಳ ಕಡೆಗೆ ಪ್ರಕೃತಿ ಹೆಜ್ಜೆ ಹೆಜ್ಜೆಯಾಗಿ ನಡೆದ ದಾರಿ ಕಣ್ಣೆದುರೇ ಇತ್ತು. ಒಂದೇ ಪ್ರಭೇದದೊಳಗೂ ಎಷ್ಟೊಂದು ವ್ಯತ್ಯಾಸ ಅನ್ನೋದೂ ಕೈಗೆ ತಗುಲಿತು. ಅವರ ಸಿದ್ಧಾಂತಕ್ಕೆ ಬೇಕಾಗಿದ್ದದ್ದು ಇದೇ.

ಜೀವಂತ ಬಾರ್ನಕಲ್‌ಗಳ ಎರಡು ದಪ್ಪ ಸಂಪುಟಗಳನ್ನು ರೇ ಸೊಸೈಟಿ ತಂದಿತು, ಪಳೆಯುಳಿಕೆಗಳ ಎರಡು ತೆಳು ಸಂಪುಟಗಳನ್ನು ಪ್ಯಾಲಿಯಾಂಟೋಗ್ರಾಫಿಕಲ್ ಸೊಸೈಟಿ. ಎಲ್ಲ ಸೇರಿ ಸಾವಿರಕ್ಕೂ ಹೆಚ್ಚು ಪುಟ. ಎರಡೂ ಚಂದಾದಾರರ ದುಡ್ಡಲ್ಲಿ ಪುಸ್ತಕ ಅಚ್ಚು ಹಾಕುವ ಸಂಘಗಳು. 1853ರಲ್ಲಿ ರಾಯಲ್ ಸೊಸೈಟಿ ಪದಕ ಬಂತು. ತಪ್ಪೂ ಆಗಿತ್ತು: ಬಾರ್ನಕಲ್ ಅಂಟು ಸ್ರವಿಸುವ ಗ್ರಂಥಿಗಳನ್ನು ಅವರು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರು. ಆಗಸ್ಟ್ ಕ್ರೋನ್ ಅದನ್ನು ಎತ್ತಿ ತೋರಿಸಿದಾಗ ಒಪ್ಪಿಕೊಂಡರು.

ಹೆಸರಿನ ಚಟ

ಈ ವರ್ಷಗಳಲ್ಲೇ ಡಾರ್ವಿನ್‌ಗೆ ಒಂದು ಸಿಟ್ಟು ಹುಟ್ಟಿತು. ಪ್ರಾಣಿಗಳಿಗೆ ಹೆಸರಿಡುವ ನಿಯಮ ರೂಪಿಸಿದ 1842ರ ಸಮಿತಿಯಲ್ಲಿ ಅವರೂ ಇದ್ದರು, ಅದರ ಮುಂದಾಳು ಹ್ಯೂ ಸ್ಟ್ರಿಕ್‌ಲ್ಯಾಂಡ್. ಪ್ರಭೇದದ ಹೆಸರಿನ ಜೊತೆ ಮೊದಲು ವಿವರಿಸಿದವರ ಹೆಸರನ್ನೂ ಸೇರಿಸುವ ರೂಢಿ ಆಗಲೇ ಗಟ್ಟಿಯಾಗಿತ್ತು. ಇದು ಅವಸರದ ಕೆಲಸಕ್ಕೆ ಕೊಟ್ಟ ಲಂಚ ಅಂತ 1849ರಲ್ಲಿ ಡಾರ್ವಿನ್ ಸ್ಟ್ರಿಕ್‌ಲ್ಯಾಂಡ್‌ಗೆ ಬರೆದ ಪತ್ರಗಳ ಒಟ್ಟು ತಾತ್ಪರ್ಯ. ಎರಡು ಸಾಲು ಗೀಚಿದವನ ಹೆಸರು ಶಾಶ್ವತ, ಆಮೇಲೆ ಕೂತು ಪೂರ್ತಿ ಅಧ್ಯಯನ ಮಾಡಿದವನಿಗೆ ಏನೂ ಇಲ್ಲ. ಸ್ಟ್ರಿಕ್‌ಲ್ಯಾಂಡ್ ಒಪ್ಪಲಿಲ್ಲ. ರೂಢಿ ಇಂದಿಗೂ ಇದೆ.

ತಮಾಷೆ ನೋಡಿ, ಭಾರತದ ಬಂದರುಗಳಲ್ಲಿ ಇವತ್ತು ಸಾಮಾನ್ಯವಾಗಿ ಕಾಣುವ ಒಂದು ಬಾರ್ನಕಲ್‌ನ ವೈಜ್ಞಾನಿಕ ಹೆಸರಿನ ಜೊತೆ ‘ಡಾರ್ವಿನ್, 1854’ ಅಂತಲೇ ಇದೆ. ಆಂಫಿಬಲಾನಸ್ ಆಂಫಿಟ್ರೈಟ್ ಅಂತ ಅದರ ಈಗಿನ ಹೆಸರು. ಹಡಗಿನ ತಳಕ್ಕೆ ಅಂಟುವ ಇದನ್ನು ತಡೆಯೋಕೆ ಬಣ್ಣ ಕಂಡುಹಿಡಿಯುವ ಇಂಜಿನಿಯರುಗಳು ಪೇಪರ್ ಮೇಲೆ ಪೇಪರ್ ಬರೀತಾರೆ. ಜೀವಿಯ ಹೆಸರು ಬರುತ್ತೆ, ಕೆಲವೊಮ್ಮೆ ಡಾರ್ವಿನ್ ಹೆಸರೂ ಬರುತ್ತೆ. ಆದರೆ 1854ರ ಪುಸ್ತಕ ಕೊನೆಯ ಆಕರ ಪಟ್ಟಿಗೆ ಸೇರೋದು ಅಪರೂಪ. ಪಟ್ಟಿಯಲ್ಲಿ ಇಲ್ಲದ್ದು ಸೈಟೇಶನ್ ಲೆಕ್ಕಕ್ಕಿಲ್ಲ.

ಅವಸರವಾದದ್ದು ಒಮ್ಮೆ

1858ರ ಜೂನ್‌ನಲ್ಲಿ ಮಲಯ ದ್ವೀಪಗಳಿಂದ ಆಲ್ಫ್ರೆಡ್ ರಸಲ್ ವಾಲೇಸ್ ಕಳಿಸಿದ ಬರಹ ಡಾರ್ವಿನ್ ಕೈ ಸೇರಿತು. ತಾವು ಇಪ್ಪತ್ತು ವರ್ಷ ಬಚ್ಚಿಟ್ಟುಕೊಂಡಿದ್ದ ಸಿದ್ಧಾಂತವೇ ಅಲ್ಲಿತ್ತು. ಎಡಿನ್‌ಬರೋದ ಹಳೇ ಪೆಟ್ಟು ಮತ್ತೆ. ಈ ಸಲ ಬಲವಿದ್ದದ್ದು ಡಾರ್ವಿನ್ ಕಡೆ. ಲೈಲ್ ಮತ್ತು ಹೂಕರ್ ಸೇರಿ, ಜುಲೈ 1ರಂದು ಲಿನ್ನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಓದಿಸಿದರು, ಡಾರ್ವಿನ್‌ದು ಮೊದಲು. ದೂರದಲ್ಲಿದ್ದ ವಾಲೇಸ್‌ರನ್ನು ಯಾರೂ ಕೇಳಲಿಲ್ಲ. ಡಾರ್ವಿನ್ ಕೂಡ ಅಲ್ಲಿರಲಿಲ್ಲ, ಮೂರು ದಿನದ ಹಿಂದಷ್ಟೇ ಕಿರಿಯ ಮಗು ತೀರಿಕೊಂಡಿತ್ತು.

ಮುಂದಿನ ವರ್ಷ ನವೆಂಬರ್ 24ಕ್ಕೆ ಪ್ರಭೇದಗಳ ಉಗಮದ ಪುಸ್ತಕ ಬಂತು, 1250 ಪ್ರತಿ. ಅದರಲ್ಲಿ ಅಡಿಟಿಪ್ಪಣಿಗಳಿಲ್ಲ, ಆಕರಗಳ ಪಟ್ಟಿಯಿಲ್ಲ. ದೊಡ್ಡ ಪುಸ್ತಕದ ಸಾರಾಂಶವಷ್ಟೇ ಇದು ಅಂತ ಅವರ ಸಮಜಾಯಿಷಿ. ಹಡಗಿನ ಮರದ ಬಗ್ಗೆ 1831ರಲ್ಲಿ ಬರೆದ ಪುಸ್ತಕದಲ್ಲೇ ತಾನು ಈ ಮಾತು ಹೇಳಿದ್ದೆ ಅಂತ ಪ್ಯಾಟ್ರಿಕ್ ಮ್ಯಾಥ್ಯೂ ತಕರಾರು ತೆಗೆದರು. ಡಾರ್ವಿನ್ ಒಪ್ಪಿಕೊಂಡು, 1861ರ ಮೂರನೇ ಆವೃತ್ತಿಯಲ್ಲಿ ತನಗಿಂತ ಮೊದಲಿನವರ ಪಟ್ಟಿ ಸೇರಿಸಿದರು. ಪುರಾವೆಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಿದ್ದ ಮನುಷ್ಯ ಋಣ ಹೇಳೋದರಲ್ಲಿ ತಡಮಾಡಿದರು ಅಂತ ನನಗನ್ನಿಸುತ್ತೆ.

ಕೊನೆಗೆ ಮತ್ತೆ ಬೆನ್ನುಮೂಳೆ ಇಲ್ಲದ ಜೀವಿಯ ಹತ್ತಿರವೇ ಬಂದರು. ಎರೆಹುಳುಗಳ ಬಗ್ಗೆ ಮೊದಲು ಮಂಡಿಸಿದ್ದು 1837ರಲ್ಲಿ, ಪುಸ್ತಕ ತಂದದ್ದು 1881ರಲ್ಲಿ. ನಲವತ್ತನಾಲ್ಕು ವರ್ಷ. ಮರುವರ್ಷ ಏಪ್ರಿಲ್ 19ರಂದು ತೀರಿಕೊಂಡರು.

ಪುರುಸೊತ್ತು ಯಾರಿಗಿದೆ?

ಇವತ್ತಿನ ಅಳತೆಗೋಲು ಬೇರೆ. 1964ರಿಂದ ಯೂಜೀನ್ ಗಾರ್ಫೀಲ್ಡ್ ಅವರ ಸೈಟೇಶನ್ ಇಂಡೆಕ್ಸ್ ನಿಯಮಿತವಾಗಿ ಬರತೊಡಗಿತು. ಅದರ ಬೆನ್ನಿಗೆ ಬಂದ ಇಂಪ್ಯಾಕ್ಟ್ ಫ್ಯಾಕ್ಟರ್, ಜರ್ನಲ್ ಒಂದರ ಹಿಂದಿನ ಎರಡು ವರ್ಷದ ಲೇಖನಗಳಿಗೆ ಈ ವರ್ಷ ಎಷ್ಟು ಉಲ್ಲೇಖ ಬಂತು ಅಂತ ನೋಡುತ್ತೆ. ಎಂಟು ವರ್ಷ ಬರೆದು ನೂರೈವತ್ತು ವರ್ಷ ಬಳಕೆಯಾಗುವ ಪುಸ್ತಕಕ್ಕೆ ಈ ತಕ್ಕಡಿಯಲ್ಲಿ ಜಾಗವೇ ಇಲ್ಲ. ಹೊಸ ಪ್ರಾಣಿ ಪ್ರಭೇದಗಳನ್ನು ದೊಡ್ಡ ಸಂಖ್ಯೆಯಲ್ಲಿ ಪ್ರಕಟಿಸುವ ಝೂಟ್ಯಾಕ್ಸಾ ಜರ್ನಲ್ಲನ್ನೇ, ತನ್ನನ್ನು ತಾನೇ ಹೆಚ್ಚು ಉಲ್ಲೇಖಿಸಿಕೊಳ್ಳುತ್ತೆ ಅಂತ 2020ರಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಪಟ್ಟಿಯಿಂದ ಕೈಬಿಟ್ಟಿದ್ದರು. ಆ ಕ್ಷೇತ್ರಕ್ಕೆ ಇರೋದೇ ಅಂಥ ಕೆಲವು ಜರ್ನಲ್, ಉಲ್ಲೇಖ ಮತ್ತೆಲ್ಲಿಂದ ಬರಬೇಕು? ಜಗತ್ತಿನ ವರ್ಗೀಕರಣ ತಜ್ಞರು ಗಲಾಟೆ ಮಾಡಿದ ಮೇಲೆ ವಾಪಸ್ ಸೇರಿಸಿದರು.

ಡಾರ್ವಿನ್‌ರನ್ನು ಆದರ್ಶ ಅಂತ ಪೂಜೆ ಮಾಡೋಕೆ ನನಗಿಷ್ಟವಿಲ್ಲ. ಅಪ್ಪನ ದುಡ್ಡಿತ್ತು, ಹೆಂಡತಿಯ ವೆಜ್‌ವುಡ್ ಮನೆತನದ ಆಸ್ತಿಯಿತ್ತು, ಅವರು ಒಂದು ದಿನವೂ ಸಂಬಳಕ್ಕೆ ದುಡಿಯಲಿಲ್ಲ. ಕೀಟ, ಹಕ್ಕಿಗಳನ್ನು ಹಿಡಿದು ಮಾರಿ ಬದುಕಿದ ವಾಲೇಸ್‌ಗೆ ಎಂಟು ವರ್ಷ ಬಾರ್ನಕಲ್ ನೋಡುವ ಯೋಗವಿರಲಿಲ್ಲ. ನಿಧಾನ ಆಗ ಸಿರಿವಂತರ ಸೊತ್ತಾಗಿತ್ತು. ಅದನ್ನು ಸಂಬಳದ ವಿಜ್ಞಾನಿಗೂ ಕೊಡಬೇಕಾದ್ದು ವಿಶ್ವವಿದ್ಯಾಲಯಗಳ ಕೆಲಸ. ನಾವು ಅದರ ಬದಲು ಅಂಕಪಟ್ಟಿ ಕೊಟ್ಟೆವು. 2010ರ ಯುಜಿಸಿ ನಿಯಮಗಳು ಮೇಷ್ಟ್ರುಗಳ ಬಡ್ತಿಗೆ ಪೇಪರ್ ಎಣಿಸಿ ಅಂಕ ಹಾಕುವ ಪದ್ಧತಿ ತಂದವು. ದುಡ್ಡು ಕೊಟ್ಟರೆ ಅಚ್ಚು ಹಾಕುವ ಜರ್ನಲ್‌ಗಳಿಗೆ ಗಿರಾಕಿಗಳು ಸಿಕ್ಕಿದ್ದು ಹೀಗೆ. ಆ ಗಿರಾಕಿಗಳಲ್ಲಿ ನಾನೂ ಒಬ್ಬ.

ನನ್ನ ಪೇಪರ್ ಇನ್ನೂ ಆನ್‌ಲೈನ್‌ನಲ್ಲಿದೆ. ಮೊನ್ನೆ ಹುಡುಕಿ ನೋಡಿದೆ, ಅದಕ್ಕೆ ಮೂರು ಸೈಟೇಶನ್ ಬಂದಿವೆ. ಮೂರನ್ನೂ ತೆರೆದು ಓದಿದೆ. ನಮ್ಮ ಗ್ರಾಫಿನ ತಪ್ಪನ್ನು ಅವರ‍್ಯಾರೂ ಗಮನಿಸಿಲ್ಲ.