ಓದಿ ಹೇಳಿದ ಕಾದಂಬರಿಕಾರ

ಚಾರ್ಲ್ಸ್ ಡಿಕನ್ಸನ ಕಾದಂಬರಿಗಳನ್ನು ಇಂದು ನಾವು ಒಬ್ಬೊಬ್ಬರೇ ಕುಳಿತು ಮೌನವಾಗಿ ಓದುತ್ತೇವೆ. ಆತನ ಕಾಲದ ಇಂಗ್ಲೆಂಡಿನಲ್ಲಾದರೋ ಅವು ಎಷ್ಟೋ ಮನೆಗಳನ್ನು ಕಿವಿಯ ಮೂಲಕವೇ ಹೊಕ್ಕವು. ‘ಡಾಂಬಿ ಅಂಡ್ ಸನ್’ 1846ರಿಂದ 1848ರವರೆಗೆ ತಿಂಗಳಿಗೊಂದು ಕಂತಿನಂತೆ ಹೊರಬರುತ್ತಿದ್ದಾಗ, ಒಂದು ನಸ್ಯದಂಗಡಿಯ ಮನೆಯಲ್ಲಿ ಬಾಡಿಗೆಗಿದ್ದವರು ತಿಂಗಳ ಮೊದಲ ಸೋಮವಾರ ಚಹಕ್ಕೆ ಸೇರುತ್ತಿದ್ದರು. ಮನೆಯೊಡೆಯನು ಹೊಸ ಕಂತನ್ನು ಗಟ್ಟಿಯಾಗಿ ಓದುವನು. ಹಣ ಕೊಡಲಾರದವರಿಗೆ ಚಹ ದೊರೆಯದಿದ್ದರೂ ಕಥೆಗೆ ಅಡ್ಡಿಯಿರಲಿಲ್ಲ. ಅಲ್ಲಿದ್ದ ಮನೆಗೆಲಸದ ಮುದುಕಿಯೊಬ್ಬಳಿಗೆ ಅಕ್ಷರ ಬಾರದು. ಇಷ್ಟೆಲ್ಲವನ್ನೂ ಒಬ್ಬನೇ ಮನುಷ್ಯ ಬರೆದನೆಂದರೆ ಆಕೆಗೆ ನಂಬಿಕೆಯೇ ಆಗಲಿಲ್ಲವೆಂದು ಡಿಕನ್ಸನ ಆಪ್ತಮಿತ್ರನೂ ಚರಿತ್ರಕಾರನೂ ಆದ ಜಾನ್ ಫಾರ್ಸ್ಟರನು ಬರೆದಿಟ್ಟಿದ್ದಾನೆ.

ಇಂಥ ಶ್ರೋತೃಗಳನ್ನು ಡಿಕನ್ಸನು ಬಲ್ಲವನಾಗಿದ್ದನು. 1812ರಲ್ಲಿ ಹುಟ್ಟಿದ ಆತನು, 1824ರಲ್ಲಿ ತಂದೆ ಸಾಲಕ್ಕಾಗಿ ಸೆರೆಮನೆ ಸೇರಿದಾಗ, ಹನ್ನೆರಡರ ಎಳೆಯ ವಯಸ್ಸಿನಲ್ಲಿ ಬೂಟಿನ ಮಸಿಯ ಕಾರ್ಖಾನೆಯಲ್ಲಿ ದುಡಿದವನು. 1853ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಪುರಭವನದಲ್ಲಿ, ಅಲ್ಲಿನ ಒಂದು ವಿದ್ಯಾಸಂಸ್ಥೆಯ ಸಹಾಯಾರ್ಥವಾಗಿ, ಆತನು ಮೊತ್ತಮೊದಲಿಗೆ ಸಾರ್ವಜನಿಕರೆದುರು ‘ಎ ಕ್ರಿಸ್ಮಸ್ ಕ್ಯಾರಲ್’ ಓದಿದನು. ವಾಚನವು ಮೂರು ಗಂಟೆಗಳನ್ನು ಮೀರಿತು. ಒಂದು ರಾತ್ರಿಯನ್ನು ಕೂಲಿಕಾರರಿಗೆಂದೇ ಮೀಸಲಿಟ್ಟು, ಅಗ್ಗದ ದರದಲ್ಲಿ ಒಳಗೆ ಬಿಡಬೇಕೆಂಬುದು ಆತನದೇ ಹಟ. ಆ ರಾತ್ರಿ 2000ಕ್ಕೂ ಹೆಚ್ಚು ಮಂದಿ ಬಂದರು. ಒಂದು ಮಾತನ್ನೂ ಬಿಡದೆ ಕೇಳಿದರು. ಆ ರುಚಿ ಆತನನ್ನು ಮತ್ತೆ ಬಿಡಲಿಲ್ಲ.

ಹಣಕ್ಕಾಗಿ ಓದುವುದು ಲೇಖಕನ ಘನತೆಗೆ ಕುಂದೆಂದು ಫಾರ್ಸ್ಟರನು ತಡೆದನು. ಡಿಕನ್ಸನು ಕಿವಿಗೊಡದೆ 1858ರ ಏಪ್ರಿಲಿನಲ್ಲಿ ಲಂಡನ್ನಿನಲ್ಲಿ ಆ ವೃತ್ತಿಗೆ ಇಳಿದೇಬಿಟ್ಟನು. ಪತ್ನಿಯಿಂದ ಬೇರ್ಪಟ್ಟ ವರ್ಷವೂ ಅದೇ. ಬರಿದಾದ ಮನೆಗಿಂತ ತುಂಬಿದ ಸಭೆ ಆತನಿಗೆ ಹಿತವಾಗಿದ್ದಿರಬೇಕು.

ಆ ವಾಚನದ ಸಿದ್ಧತೆಯನ್ನು ನಮ್ಮ ಗಮಕಿಗಳೂ ಮೆಚ್ಚುತ್ತಿದ್ದರು. ಅಚ್ಚಾದ ಪುಸ್ತಕದ ಹಾಳೆಗಳನ್ನು ಬಿಡಿಸಿ ದೊಡ್ಡ ಹಾಳೆಗಳಿಗೆ ಅಂಟಿಸಿ, ಬೇಡವಾದುದನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿ, ದನಿಯ ಏರಿಳಿತಗಳನ್ನೂ ಅಂಗಾಭಿನಯವನ್ನೂ ಅಂಚಿನಲ್ಲಿ ಗುರುತು ಮಾಡಿಕೊಳ್ಳುತ್ತಿದ್ದನು. ಮುಖಕ್ಕೂ ಕೈಗಳಿಗೂ ಬೆಳಕು ಬೀಳುವಂತೆ ಅನಿಲದೀಪಗಳ ಏರ್ಪಾಡು. ಮುಂದೆ ತಾನೇ ಯೋಜಿಸಿದ ಚಿಕ್ಕದೊಂದು ಮೇಜು. ಪರದೆಯಿಲ್ಲ, ವೇಷವಿಲ್ಲ. ಪಾತ್ರಕ್ಕೊಂದು ಕಂಠ, ಪಾತ್ರಕ್ಕೊಂದು ಮುಖ. ಕ್ರಮೇಣ ಪಾಠವೆಲ್ಲ ಬಾಯಿಗೇ ಬಂದು, ಪುಸ್ತಕವು ಹೆಸರಿಗೆ ಮಾತ್ರ ಎದುರಿಗಿರುತ್ತಿದ್ದಿತು.

1865ರ ಜೂನ್ 9ರಂದು ಸ್ಟೇಪಲ್‌ಹರ್ಸ್ಟಿನ ರೈಲು ಅಪಘಾತದಲ್ಲಿ ಸಾವಿನಿಂದ ಪಾರಾದ ಮೇಲೆ ಆತನ ದೇಹ ಮೊದಲಿನಂತಾಗಲಿಲ್ಲ. ಆದರೂ 1867ರಲ್ಲಿ ಅಮೆರಿಕಕ್ಕೆ ಹೊರಟು ಐದು ತಿಂಗಳೊಳಗೆ 76 ವಾಚನಗಳನ್ನು ಮುಗಿಸಿ, ಸುಮಾರು 19,000 ಪೌಂಡುಗಳನ್ನು ಗಳಿಸಿ ತಂದನು. ಹಗಲೆಲ್ಲ ನೆಗಡಿ ಕೆಮ್ಮುಗಳ ಕಾಟ, ಅನ್ನಾಹಾರ ಸೇರದು, ಸಂಜೆ ಮೇಜಿನೆದುರು ನಿಂತೊಡನೆ ಕಂಠ ತೆರೆಯುವುದು!

ಇಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. 1869ರ ಜನವರಿಯಲ್ಲಿ ‘ಆಲಿವರ್ ಟ್ವಿಸ್ಟ್’ನಿಂದ ಸೈಕ್ಸನು ನ್ಯಾನ್ಸಿಯನ್ನು ಕೊಲ್ಲುವ ಪ್ರಸಂಗವನ್ನು ಎತ್ತಿಕೊಂಡನು. ಆತ್ಮೀಯರು ಬೇಡವೆಂದರು. ಕೊಲೆಗಡುಕನೂ ಹತಳಾಗುವ ಹೆಣ್ಣೂ ತಾನೇ ಆಗಿ, ಮುಗಿಸಿ ಒಳಬಂದಾಗ ಮಂಚದ ಮೇಲೆ ಬಿದ್ದುಕೊಂಡು ಬಹಳ ಹೊತ್ತು ಮಾತೇ ಹೊರಡದಂತಾಗುವುದು. ಏಪ್ರಿಲಿನಲ್ಲಿ ಪ್ರೆಸ್ಟನ್ ಪಟ್ಟಣದಲ್ಲಿ ವೈದ್ಯನಾದ ಫ್ರ್ಯಾಂಕ್ ಬಿಯರ್ಡನು ಪ್ರವಾಸವನ್ನೇ ತಡೆದನು. ಆದರೂ 1870ರಲ್ಲಿ ಲಂಡನ್ನಿನಲ್ಲಿ ಹನ್ನೆರಡು ವಿದಾಯವಾಚನಗಳಿಗೆ ಆತನು ಒಪ್ಪಿಗೆ ಪಡೆದನು. ವೈದ್ಯನು ಪಕ್ಕದಲ್ಲಿದ್ದು ನಾಡಿ ನೋಡುತ್ತಿದ್ದನು. 72ರಲ್ಲಿರಬೇಕಾದುದು ನ್ಯಾನ್ಸಿಯ ರಾತ್ರಿಗಳಲ್ಲಿ 110ನ್ನು ದಾಟುತ್ತಿದ್ದಿತು. ತಂದೆ ಕುಸಿದರೆ ಹಿಡಿದುಕೊಳ್ಳಲೆಂದು ಹಿರಿಯ ಮಗನನ್ನು ವೇದಿಕೆಯ ಮೆಟ್ಟಿಲ ಬಳಿ ನಿಲ್ಲಿಸಲಾಗಿತ್ತು. ಧನಾಶೆಯೊಂದರಿಂದಲೇ ಮನುಷ್ಯನು ಇಷ್ಟನ್ನು ಸಹಿಸುವನೆಂದು ನನಗೆ ತೋರುವುದಿಲ್ಲ.

ಮಾರ್ಚ್ 15ರಂದು ಸೇಂಟ್ ಜೇಮ್ಸ್ ಸಭಾಂಗಣದಲ್ಲಿ ಕಡೆಯ ವಾಚನ. ನ್ಯಾನ್ಸಿಯನ್ನು ಅಂದು ಆರಿಸಿಕೊಳ್ಳಲಿಲ್ಲ. ಮೊದಲ ರಾತ್ರಿ ಬರ್ಮಿಂಗ್‌ಹ್ಯಾಮಿನಲ್ಲಿ ಓದಿದ ‘ಕ್ಯಾರಲ್’ ಅನ್ನೂ, ‘ಪಿಕ್‌ವಿಕ್’ನ ನ್ಯಾಯಾಲಯದ ವಿನೋದವನ್ನೂ ಓದಿ, ಜನರಿಗೆ ಕೈಮುಗಿದಂತೆ ನಾಲ್ಕು ಮಾತನಾಡಿ, ದೀಪಗಳ ಬೆಳಕಿನಿಂದ ಹಿಂದೆ ಸರಿದನು. ಮೂರು ತಿಂಗಳು ತುಂಬುವ ಮೊದಲೇ, ಜೂನ್ 9ರಂದು, ‘ಎಡ್ವಿನ್ ಡ್ರೂಡ್’ ಅರ್ಧಕ್ಕೇ ನಿಂತಿರಲು, ಗ್ಯಾಡ್ಸ್ ಹಿಲ್ಲಿನ ತನ್ನ ಮನೆಯಲ್ಲಿ ತೀರಿಕೊಂಡನು. ಆಗ ಆತನಿಗೆ ಐವತ್ತೆಂಟು ವರ್ಷ.